ಪೊಲೀಸ್ ಧಾರಾವಾಹಿಯಲ್ಲಿ ಬಡ್ತಿ, ಪೈಪೋಟಿ ಮತ್ತು ಕುರ್ಚಿಯ ರಾಜಕೀಯ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲೋ ಮಂಡ್ಯದಲ್ಲೋ ಕಥೆಯನ್ನಿಟ್ಟು ಪೊಲೀಸ್ ಧಾರಾವಾಹಿ ಬರೆಯಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಲಾಗಿದೆ. ಕೊಲೆ ಹೇಗೆ ನಡೆಯಿತು, ಸುಳಿವು ಹೇಗೆ ಸಿಕ್ಕಿತು ಎಂಬುದರ ಬಗ್ಗೆ ಇಲ್ಲಿ ಏನೂ ಇಲ್ಲ. ಒಂದೇ ಕಚೇರಿಯಲ್ಲಿ ಕೆಲಸ ಮಾಡುವ ಇಬ್ಬರು ಅಧಿಕಾರಿಗಳು ಒಬ್ಬರನ್ನೊಬ್ಬರು ಹಿಂದಿಕ್ಕಲು ನಡೆಸುವ ಹೋರಾಟವನ್ನು ನಂಬುವಂತೆ ಬರೆಯುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ದೊಡ್ಡ ಪ್ರಕರಣವನ್ನು ಭೇದಿಸಿದ ಅಧಿಕಾರಿಗೆ ಮುಂದಿನ ಸಂಚಿಕೆಯಲ್ಲೇ ಬಡ್ತಿ ಕೊಡಿಸಬಹುದೇ?

ಕೊಡಿಸದಿರುವುದೇ ಲೇಸು. ಅಂಥ ದೃಶ್ಯ ಬಂದ ಕೂಡಲೇ ಇಲಾಖೆಯಲ್ಲಿ ದುಡಿದವರು, ಅವರ ಮನೆಯವರು ಟಿವಿಯನ್ನು ನಂಬುವುದು ಬಿಡುತ್ತಾರೆ. ಮೈಸೂರಿನಲ್ಲಿ ಪೊಲೀಸ್ ಅಕಾಡೆಮಿ, ತರಬೇತಿ ಶಾಲೆ, ಅಶ್ವಾರೋಹಿ ದಳಗಳೆಲ್ಲ ಇರುವುದರಿಂದ ಅಂಥ ವೀಕ್ಷಕರ ಸಂಖ್ಯೆ ಕಡಿಮೆಯೇನಲ್ಲ. ಪ್ರಕರಣ ಭೇದಿಸಿದ ತಂಡಕ್ಕೆ ವಾಸ್ತವದಲ್ಲಿ ಸಿಗುವುದು ನಗದು ಬಹುಮಾನ, ಪ್ರಶಂಸನಾ ಪತ್ರ, ಸೇವಾ ಪುಸ್ತಕದಲ್ಲೊಂದು ನಮೂದು. ಅದೃಷ್ಟವಿದ್ದರೆ ಏಪ್ರಿಲ್ 2ರ ಪೊಲೀಸ್ ಧ್ವಜ ದಿನಾಚರಣೆಯಲ್ಲಿ ಮುಖ್ಯಮಂತ್ರಿಗಳ ಪದಕ.

ಆದರೆ ಆ ಬಹುಮಾನದ ಪಟ್ಟಿಯೇ ಒಳ್ಳೆಯ ಕಥಾವಸ್ತು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಆರೋಪಿಯ ಬೆನ್ನು ಹತ್ತಿ ಹೊರರಾಜ್ಯಕ್ಕೆ ಹೋಗಿ ಲಾಡ್ಜಿನಲ್ಲಿ ತಿಗಣೆ ಕಚ್ಚಿಸಿಕೊಂಡು ಮಲಗಿದ್ದ ಹೆಡ್ ಕಾನ್‌ಸ್ಟೆಬಲ್‌ನ ಹೆಸರು ಪಟ್ಟಿಯ ಕೊನೆಯಲ್ಲಿ ಇದ್ದರೆ ಇರುತ್ತದೆ, ಇಲ್ಲದಿದ್ದರೆ ಇಲ್ಲ. ಪತ್ರಿಕಾಗೋಷ್ಠಿಯಲ್ಲಿ ವಶಪಡಿಸಿಕೊಂಡ ಒಡವೆಗಳ ಹಿಂದೆ ಎದೆ ಸೆಟೆಸಿ ನಿಂತವನ ಹೆಸರು ಮೊದಲಿರುತ್ತದೆ. ಕೈ ಕೆಸರಾದದ್ದು ಒಬ್ಬನದು, ಬಾಯಿ ಮೊಸರಾದದ್ದು ಇನ್ನೊಬ್ಬನದು. ಇಬ್ಬರ ನಡುವಿನ ಹಗೆ ಹುಟ್ಟಲು ಇಷ್ಟು ಸಾಕು.

ಹಾಗಾದರೆ ಬಡ್ತಿ ಯಾವುದರ ಮೇಲೆ ನಿಂತಿದೆ?

ಮೊದಲನೆಯದಾಗಿ, ಮೇಲಿನ ಹುದ್ದೆ ಖಾಲಿಯಿರಬೇಕು. ರಾಜ್ಯ ಸರ್ಕಾರಿ ನೌಕರರು 60 ವರ್ಷ ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುವುದರಿಂದ, ಯಾರು ಯಾವ ತಿಂಗಳು ಹೊರಡುತ್ತಾರೆ ಎಂಬ ಲೆಕ್ಕ ಕೆಳಗಿನವರ ಬಾಯಲ್ಲೇ ಇರುತ್ತದೆ. ಎರಡನೆಯದು ಜ್ಯೇಷ್ಠತಾ ಪಟ್ಟಿ: ಮೊದಲು ತಾತ್ಕಾಲಿಕ ಪಟ್ಟಿ ಹೊರಡುತ್ತದೆ, ಅದಕ್ಕೆ ಆಕ್ಷೇಪಣೆ ಕರೆಯಲಾಗುತ್ತದೆ, ಆಕ್ಷೇಪಣೆಗಳು ಇತ್ಯರ್ಥವಾದ ಮೇಲೆ ಅಂತಿಮ ಪಟ್ಟಿ ಪ್ರಕಟವಾಗುತ್ತದೆ, ಅದನ್ನು ಪ್ರಶ್ನಿಸಿ ಯಾರಾದರೊಬ್ಬರು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಮೆಟ್ಟಿಲು ಹತ್ತುತ್ತಾರೆ. ಮೂರನೆಯದು ಮೀಸಲಾತಿ ರೋಸ್ಟರ್, ಅಂದರೆ ಎಷ್ಟನೆಯ ಹುದ್ದೆ ಯಾವ ವರ್ಗಕ್ಕೆ ಎಂದು ತೋರಿಸುವ ಸರದಿ ಪಟ್ಟಿ. ಇವೆಲ್ಲ ಕೂಡಿಬಂದ ಮೇಲೆ ಇಲಾಖಾ ಮುಂಬಡ್ತಿ ಸಮಿತಿ, ಅಂದರೆ ಎಲ್ಲರೂ ಡಿಪಿಸಿ ಎನ್ನುವ ಸಮಿತಿ, ಸಭೆ ಸೇರಿ ಕಾರ್ಯನಿರ್ವಹಣಾ ವರದಿಗಳನ್ನೂ ಬಾಕಿಯಿರುವ ಇಲಾಖಾ ವಿಚಾರಣೆಗಳನ್ನೂ ನೋಡಿ ಹೆಸರುಗಳನ್ನು ಶಿಫಾರಸು ಮಾಡುತ್ತದೆ.

ಇದರ ನಡುವೆ ಕಾಲಮಿತಿ ಬಡ್ತಿ ಎಂಬುದೊಂದಿದೆ. ಒಂದೇ ಹುದ್ದೆಯಲ್ಲಿ 10 ವರ್ಷ ಕಳೆದವರಿಗೆ ವೇತನ ಶ್ರೇಣಿ ಮೇಲೇರುತ್ತದೆ. ಹುದ್ದೆ ಮಾತ್ರ ಇದ್ದಲ್ಲೇ ಇರುತ್ತದೆ. ಮನೆಯಲ್ಲಿ ಸಿಹಿ ಹಂಚಿ, ಮಾರನೆಯ ದಿನ ಅದೇ ಮೇಜಿನ ಮುಂದೆ ಅದೇ ಸಮವಸ್ತ್ರದಲ್ಲಿ ನಿಲ್ಲುವ ಮನುಷ್ಯನ ಇಕ್ಕಟ್ಟು ಧಾರಾವಾಹಿಗಳಲ್ಲಿ ಅಪರೂಪ.

ಸ್ವತಂತ್ರ ಪ್ರಭಾರವೂ ಹೀಗೆಯೇ. ನಿಯಮಿತ ಬಡ್ತಿ ತಡವಾದಾಗ ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ ನಿಯಮ 32ರ ಅಡಿಯಲ್ಲಿ ಕೆಳಗಿನ ಅಧಿಕಾರಿಯನ್ನು ಮೇಲಿನ ಹುದ್ದೆಯ ಪ್ರಭಾರದಲ್ಲಿ ಇರಿಸುವ ಪದ್ಧತಿ ಸರ್ಕಾರಿ ಇಲಾಖೆಗಳಲ್ಲಿದೆ. ಆ ಕುರ್ಚಿಯಲ್ಲಿ ಕುಳಿತಿದ್ದರೂ ಅದು ತನ್ನದಲ್ಲ ಎಂಬ ಅಳುಕು, ಯಾವತ್ತು ಆದೇಶ ಬಂದು ಎಬ್ಬಿಸುತ್ತಾರೋ ಎಂಬ ಆತಂಕ, ಕೆಳಗಿನವರು ಅರ್ಧ ಮನಸ್ಸಿನಿಂದ ಹೊಡೆಯುವ ಸಲಾಂ, ಇವು ಒಂದು ಪಾತ್ರವನ್ನು ಹತ್ತಾರು ಸಂಚಿಕೆಗಳವರೆಗೆ ಹೊತ್ತೊಯ್ಯಬಲ್ಲವು.

ಜ್ಯೇಷ್ಠತಾ ಪಟ್ಟಿಯಂಥ ಒಣ ವಿಷಯದಿಂದ ನಾಟಕ ಹುಟ್ಟೀತೇ?

ಇಡೀ ವಸ್ತುವಿನಲ್ಲಿ ಅತ್ಯಂತ ಹಸಿಯಾದ ಭಾಗ ಇದೇ ಎಂಬುದು ನಮ್ಮ ಅಭಿಪ್ರಾಯ. ಆದ್ದರಿಂದ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಬೆಂಗಳೂರಿನಲ್ಲಿ ನೇಮಕಗೊಂಡ ಮಂಡ್ಯ ಕಡೆಯ ಕಾನ್‌ಸ್ಟೆಬಲ್ ಒಬ್ಬನನ್ನು ಕಲ್ಪಿಸಿಕೊಳ್ಳಿ. ಮಳವಳ್ಳಿಯ ಹತ್ತಿರದ ಹಳ್ಳಿಯಲ್ಲಿ ವಯಸ್ಸಾದ ತಾಯಿ, ಒಂದೂವರೆ ಎಕರೆ ಗದ್ದೆ. ಆತ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ಸ್ವಂತ ಕೋರಿಕೆಯ ಮೇಲೆ ಅಂತರ ಜಿಲ್ಲಾ ವರ್ಗಾವಣೆ ಪಡೆದು ಊರಿನ ಕಡೆ ಬರುತ್ತಾನೆ. ಕಾನ್‌ಸ್ಟೆಬಲ್‌ಗಳ ಜ್ಯೇಷ್ಠತೆಯನ್ನು ಆಯಾ ಜಿಲ್ಲೆಯ ಅಥವಾ ಕಮಿಷನರೇಟ್‌ನ ಮಟ್ಟದಲ್ಲಿ ಲೆಕ್ಕ ಹಾಕುವುದರಿಂದ, ಕೋರಿಕೆಯ ಮೇಲೆ ಬಂದವನು ಹೊಸ ಜಿಲ್ಲೆಯ ಪಟ್ಟಿಯ ತಳಕ್ಕೆ ಇಳಿಯುತ್ತಾನೆ. ಸೇವೆಯಲ್ಲಿ ಅವನಿಗಿಂತ ಕಿರಿಯನೂ ವಯಸ್ಸಿನಲ್ಲಿ ತಮ್ಮನಂಥವನೂ ಆದ ಒಬ್ಬ ಅವನಿಗಿಂತ ಮೊದಲು ಹೆಡ್ ಕಾನ್‌ಸ್ಟೆಬಲ್ ಆಗಿ ಅವನಿಗೆ ರಾತ್ರಿ ಬೀಟ್ ಹಂಚುತ್ತಾನೆ. ಇಲ್ಲಿ ಯಾರೂ ಮೋಸ ಮಾಡಿಲ್ಲ, ಯಾರೂ ಲಂಚ ತಿಂದಿಲ್ಲ. ಆದರೂ ಇಬ್ಬರೂ ಒಂದೇ ಜೀಪಿನಲ್ಲಿ ಕೂರಲಾರರು.

ಮಧ್ಯದ ಹಂತಕ್ಕೆ ಬಂದರೆ, 545 ಪಿಎಸ್‌ಐ ಹುದ್ದೆಗಳ ಪ್ರಕರಣ ಎಲ್ಲರಿಗೂ ನೆನಪಿದೆ. 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆಯನ್ನು ಅಕ್ರಮದ ಕಾರಣಕ್ಕೆ 2022ರ ಏಪ್ರಿಲ್‌ನಲ್ಲಿ ಸರ್ಕಾರ ರದ್ದುಪಡಿಸಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಕ್ರಮ ಎಸಗಿದವರ ಕಥೆಯನ್ನು ಸುದ್ದಿವಾಹಿನಿಗಳು ಬೇಕಾದಷ್ಟು ಹೇಳಿವೆ. ಏನೂ ತಪ್ಪು ಮಾಡದೆ ಆಯ್ಕೆಯಾಗಿದ್ದು, ಮತ್ತೆ ಪರೀಕ್ಷೆ ಬರೆದು ತೇರ್ಗಡೆಯಾದವನು ಕಳೆದುಕೊಂಡ ವರ್ಷಗಳ ಕಥೆಯನ್ನು ಯಾರೂ ಹೇಳಿಲ್ಲ. ಪೊಲೀಸ್ ಸೇವೆಯಲ್ಲಿ ಎರಡು ವರ್ಷ ತಡವಾಗಿ ಸೇರುವುದೆಂದರೆ, ಇನ್ಸ್‌ಪೆಕ್ಟರ್ ಆಗುವುದೂ ಡಿವೈಎಸ್‌ಪಿ ಆಗುವುದೂ ಅಷ್ಟೇ ಮುಂದಕ್ಕೆ ಹೋದಂತೆ. ಕೊನೆಯ ಮೆಟ್ಟಿಲು ತಲುಪುವ ಮೊದಲೇ ನಿವೃತ್ತಿಯ ದಿನ ಬಂದುಬಿಡಬಹುದು.

ಇನ್ನೂ ಸೂಕ್ಷ್ಮವಾದದ್ದು ಬಡ್ತಿಯಲ್ಲಿ ಮೀಸಲಾತಿಯ ವಿಚಾರ. ಮೀಸಲಾತಿಯಡಿ ಬಡ್ತಿ ಪಡೆದವರಿಗೆ ತತ್ಪರಿಣಾಮದ ಜ್ಯೇಷ್ಠತೆ, ಅಂದರೆ ಆ ಬಡ್ತಿಯ ಜೊತೆಗೇ ಮೇಲಿನ ಹುದ್ದೆಯಲ್ಲಿ ಹಿರಿತನ, ನೀಡಿದ್ದ ಕರ್ನಾಟಕದ 2002ರ ಕಾಯ್ದೆಯ ಮುಖ್ಯ ಕಲಮುಗಳನ್ನು ಬಿ.ಕೆ. ಪವಿತ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. ರಾಜ್ಯ ಸರ್ಕಾರ ತಂದ 2018ರ ಹೊಸ ಕಾಯ್ದೆಯನ್ನು 2019ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಈ ಎರಡು ತೀರ್ಪುಗಳ ನಡುವಿನ ಅವಧಿಯಲ್ಲಿ ಸರ್ಕಾರಿ ಕಚೇರಿಗಳಲ್ಲಿ ಪಟ್ಟಿಗಳು ತಿರುವುಮುರುವಾದವು. ಅಕ್ಕಪಕ್ಕದ ಕೊಠಡಿಯಲ್ಲಿ ಕೂರುವ ಇಬ್ಬರಲ್ಲಿ ಒಬ್ಬರು ತಮಗೆ ಅನ್ಯಾಯವಾಗಿದೆ ಎಂದು ಪ್ರಾಮಾಣಿಕವಾಗಿ ನಂಬಿದ್ದರೆ, ಇನ್ನೊಬ್ಬರು ತಲೆಮಾರುಗಳ ಅನ್ಯಾಯ ಈಗಷ್ಟೇ ಸರಿಹೋಗಿತ್ತು ಎಂದು ಅಷ್ಟೇ ಪ್ರಾಮಾಣಿಕವಾಗಿ ನಂಬಿದ್ದರು. ಇದನ್ನು ಬರೆಯಲು ಧೈರ್ಯಕ್ಕಿಂತ ಹೆಚ್ಚಾಗಿ ಸಂಯಮ ಬೇಕು. ಒಬ್ಬನನ್ನು ಖಳನನ್ನಾಗಿ ಮಾಡಿದ ಕ್ಷಣವೇ ಅದು ಜಾತಿಯ ಮೇಲಿನ ಆರೋಪಪಟ್ಟಿಯಾಗುತ್ತದೆಯೇ ಹೊರತು ನಾಟಕವಾಗುವುದಿಲ್ಲ.

ಎದುರಾಳಿಯ ಬಡ್ತಿಯನ್ನು ತಡೆಯಲು ಒಂದು ಪಾತ್ರ ಏನೇನು ಮಾಡಬಹುದು?

ಗೂಂಡಾಗಳನ್ನು ಕಳುಹಿಸುವ ಅಗತ್ಯವಿಲ್ಲ. ಒಂದು ಮೂಗರ್ಜಿ ಸಾಕು. ಸಹಿಯಿಲ್ಲದ ಆ ಅರ್ಜಿಯ ಮೇಲೆ ಪ್ರಾಥಮಿಕ ವಿಚಾರಣೆ, ಆ ವಿಚಾರಣೆಯ ಮೇಲೊಂದು ವರದಿ, ವರದಿಯ ಮೇಲೆ ಶಿಸ್ತು ಪ್ರಾಧಿಕಾರದ ಟಿಪ್ಪಣಿ, ಹೀಗೆ ಕಡತ ತನ್ನಷ್ಟಕ್ಕೆ ತಾನೇ ದಪ್ಪವಾಗುತ್ತದೆ.

ಇಲ್ಲಿ ಕಥೆಗಾರರು ತಿಳಿದಿರಬೇಕಾದ ಒಂದು ಕಾನೂನಿನ ಸೂಕ್ಷ್ಮವಿದೆ. ಇಲಾಖಾ ವಿಚಾರಣೆ ಬಾಕಿಯಿರುವ ಅಧಿಕಾರಿಯ ಹೆಸರು ಡಿಪಿಸಿ ಮುಂದೆ ಬಂದರೆ, ಅವನ ಕುರಿತ ತೀರ್ಮಾನವನ್ನು ಮುಚ್ಚಿದ ಲಕೋಟೆಯಲ್ಲಿ ಇಡಲಾಗುತ್ತದೆ; ವಿಚಾರಣೆಯಲ್ಲಿ ಆತ ದೋಷಮುಕ್ತನಾದ ಮೇಲಷ್ಟೇ ಅದನ್ನು ತೆರೆಯುತ್ತಾರೆ. ಆದರೆ ಬರಿಯ ದೂರು ಅಥವಾ ಪ್ರಾಥಮಿಕ ವಿಚಾರಣೆಯಿದ್ದರೆ ಲಕೋಟೆ ಮುಚ್ಚುವಂತಿಲ್ಲ, ದೋಷಾರೋಪಣಾ ಪಟ್ಟಿ ಜಾರಿಯಾಗಿರಬೇಕು ಎಂದು 1991ರಲ್ಲಿ ಜಾನಕಿರಾಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೀಗಾಗಿ ಇಡೀ ಆಟ ದಿನಾಂಕಗಳ ಮೇಲೆ ನಿಲ್ಲುತ್ತದೆ. ಡಿಪಿಸಿ ಸಭೆ ಶುಕ್ರವಾರವಿದ್ದರೆ ಗುರುವಾರ ಸಂಜೆಯೊಳಗೆ ದೋಷಾರೋಪಣಾ ಪಟ್ಟಿಗೆ ಸಹಿ ಹಾಕಿಸಬೇಕೆಂದು ಒಬ್ಬ ಓಡಾಡುತ್ತಾನೆ, ಶುಕ್ರವಾರ ಮಧ್ಯಾಹ್ನದವರೆಗೆ ಆ ಕಡತ ಮೇಜಿನಿಂದ ಮೇಜಿಗೆ ಸರಿಯದಂತೆ ಇನ್ನೊಬ್ಬ ನೋಡಿಕೊಳ್ಳುತ್ತಾನೆ. ಕಾರುಗಳು ಒಂದನ್ನೊಂದು ಬೆನ್ನಟ್ಟುವ ದೃಶ್ಯಕ್ಕಿಂತ ಇದರಲ್ಲಿ ಉಸಿರು ಹೆಚ್ಚು ಬಿಗಿಯಾಗುತ್ತದೆ. ಅದಕ್ಕೆ ತಗಲುವ ಖರ್ಚು ಒಂದು ಮೇಜು, ಒಂದು ಫ್ಯಾನು, ಒಬ್ಬ ಕಚೇರಿ ಸೂಪರಿಂಟೆಂಡೆಂಟ್.

ವಾರ್ಷಿಕ ಕಾರ್ಯನಿರ್ವಹಣಾ ವರದಿಯೂ ಒಂದು ಆಯುಧ. ಹಿಂದೆ ಇದು ಗೌಪ್ಯ ವರದಿಯಾಗಿತ್ತು. ಏನು ಬರೆದಿದ್ದಾರೆಂದು ಬರೆಸಿಕೊಂಡವನಿಗೇ ಗೊತ್ತಾಗುತ್ತಿರಲಿಲ್ಲ. ವರದಿಯ ಪ್ರತಿಯೊಂದು ನಮೂದನ್ನೂ ಸಂಬಂಧಪಟ್ಟ ನೌಕರನಿಗೆ ತಿಳಿಸಬೇಕು ಎಂದು 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಆದ್ದರಿಂದ ಇಂದಿನ ಕಾಲದ ಕಥೆಯಲ್ಲಿ ಮೇಲಧಿಕಾರಿ ಕೆಟ್ಟದಾಗಿ ಬರೆಯುವ ಬದಲು "ಉತ್ತಮ" ಎಂದು ಬರೆದು ಕೈ ತೊಳೆದುಕೊಳ್ಳುವುದು ಹೆಚ್ಚು ಸಹಜ. ಎಲ್ಲರಿಗೂ "ಅತ್ಯುತ್ತಮ" ಸಿಕ್ಕಿರುವಾಗ ಒಬ್ಬನಿಗಷ್ಟೇ "ಉತ್ತಮ" ಸಿಕ್ಕರೆ ಅದರ ಏಟು ಎಲ್ಲಿಗೆ ಬೀಳುತ್ತದೆಂದು ಆ ಕಚೇರಿಯ ಜವಾನನಿಗೂ ಗೊತ್ತು.

ಲಂಚದ ಬಲೆಗೆ ಬೀಳಿಸುವ ದೃಶ್ಯ ಬೇಕಿದ್ದರೆ ಕಾಲವನ್ನು ಸರಿಯಾಗಿ ಹೊಂದಿಸಿ. 2016ರಿಂದ 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದುಪಡಿಸುವವರೆಗೆ ಆ ಕೆಲಸ ಭ್ರಷ್ಟಾಚಾರ ನಿಗ್ರಹ ದಳದ್ದು. ಅದಕ್ಕೆ ಮೊದಲೂ ಅನಂತರವೂ ಲೋಕಾಯುಕ್ತ ಪೊಲೀಸರದು.

ಬಡ್ತಿಗಿಂತ ಪೋಸ್ಟಿಂಗ್ ದೊಡ್ಡದು ಎನ್ನುತ್ತಾರಲ್ಲ, ಏಕೆ?

ಬಡ್ತಿ ಬಹುಮಟ್ಟಿಗೆ ಲೆಕ್ಕಾಚಾರ ಮತ್ತು ಕಾಯುವಿಕೆ. ಅದನ್ನು ತಡಮಾಡಿಸಬಹುದು, ಎಳೆದಾಡಬಹುದು. ಇಲ್ಲದ ಬಡ್ತಿಯನ್ನು ಯಾರೂ ಸೃಷ್ಟಿಸಲಾರರು. ಪೋಸ್ಟಿಂಗ್ ಹಾಗಲ್ಲ. ಒಂದೇ ದರ್ಜೆಯ, ಒಂದೇ ಸಂಬಳದ ಇಬ್ಬರು ಇನ್ಸ್‌ಪೆಕ್ಟರ್‌ಗಳಲ್ಲಿ ಒಬ್ಬ ನಗರದ ನಡುವಿನ ಕಾನೂನು ಸುವ್ಯವಸ್ಥೆಯ ಠಾಣೆಯಲ್ಲಿರುತ್ತಾನೆ, ಇನ್ನೊಬ್ಬ ಜಿಲ್ಲಾ ಅಪರಾಧ ದಾಖಲೆ ವಿಭಾಗದಲ್ಲಿ ಅಂಕಿಅಂಶ ಕೂಡಿಸುತ್ತಿರುತ್ತಾನೆ. ಮೊದಲನೆಯದನ್ನು ಎಕ್ಸಿಕ್ಯೂಟಿವ್ ಎಂದೂ ಎರಡನೆಯದನ್ನು ನಾನ್-ಎಕ್ಸಿಕ್ಯೂಟಿವ್ ಎಂದೂ ಇಲಾಖೆಯಲ್ಲಿ ಕರೆಯುತ್ತಾರೆ. ಊರಿನ ಜಾತ್ರೆಯಲ್ಲಿ ಹಾರ ಬೀಳುವುದು ಮೊದಲನೆಯವನ ಕೊರಳಿಗೆ. ಹೀಗಾಗಿ ನಮ್ಮ ಧಾರಾವಾಹಿಗಳ ಪೈಪೋಟಿ ಹೆಗಲ ಮೇಲಿನ ನಕ್ಷತ್ರಕ್ಕಾಗಿ ನಡೆಯುವುದಕ್ಕಿಂತ ಕುರ್ಚಿಗಾಗಿ ನಡೆದರೆ ಹೆಚ್ಚು ನಂಬಲರ್ಹವಾಗುತ್ತದೆ.

ಇದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಠಾಣಾಧಿಕಾರಿ ಮತ್ತು ಜಿಲ್ಲಾ ಎಸ್‌ಪಿಯಂಥ ಹುದ್ದೆಗಳಿಗೆ ಕನಿಷ್ಠ ಎರಡು ವರ್ಷಗಳ ಅವಧಿ ಇರಬೇಕೆಂದೂ, ಡಿವೈಎಸ್‌ಪಿ ದರ್ಜೆಯವರೆಗಿನ ವರ್ಗಾವಣೆ, ನಿಯೋಜನೆ, ಬಡ್ತಿಗಳನ್ನು ಹಿರಿಯ ಪೊಲೀಸ್ ಅಧಿಕಾರಿಗಳೇ ಇರುವ ಸಿಬ್ಬಂದಿ ಮಂಡಳಿ ನಿರ್ಧರಿಸಬೇಕೆಂದೂ ನಿರ್ದೇಶಿಸಿತು. ಆ ಮಂಡಳಿಯ ಸಭೆಯ ನಡಾವಳಿಯಲ್ಲಿ ಒಂದು ಹೆಸರು ಹೇಗೆ ಸೇರಿತು, ಇನ್ನೊಂದು ಹೇಗೆ ಬಿಟ್ಟುಹೋಯಿತು ಎಂಬುದೇ ನಿಮ್ಮ ಕಥೆಯ ಒಂದು ಎಳೆಯಾಗಬಹುದು.

ಅವಧಿ ಮುಗಿಯುವ ಮೊದಲೇ ವರ್ಗವಾದ ಅಧಿಕಾರಿ ನ್ಯಾಯಮಂಡಳಿಯಿಂದ ತಡೆಯಾಜ್ಞೆ ತರಬಹುದು. ಅಷ್ಟರಲ್ಲಿ ಹೊಸಬ ಬಂದು ಅಧಿಕಾರ ವಹಿಸಿಕೊಂಡಿದ್ದರೆ ಒಂದು ಠಾಣೆಗೆ ಇಬ್ಬರು ಇನ್ಸ್‌ಪೆಕ್ಟರ್‌ಗಳು. ಠಾಣೆಯ ರೈಟರ್ ಯಾರ ಮುಂದೆ ಡೈರಿ ಇಡಬೇಕು, ಜೀಪಿನ ಚಾಲಕ ಯಾರ ಮನೆಯ ಮುಂದೆ ನಿಲ್ಲಬೇಕು, ರಾತ್ರಿ ಹೆದ್ದಾರಿಯಲ್ಲಿ ಅಪಘಾತವಾದರೆ ಯಾರಿಗೆ ಫೋನ್ ಮಾಡಬೇಕು ಎಂಬ ಪೇಚಾಟವನ್ನು ಹಾಸ್ಯವಾಗಿಯೂ ಬರೆಯಬಹುದು, ಗಂಭೀರವಾಗಿಯೂ ಬರೆಯಬಹುದು.

ಮೈಸೂರು ಮತ್ತು ಮಂಡ್ಯದ ಪೊಲೀಸ್ ವ್ಯವಸ್ಥೆಯಲ್ಲಿ ಕಥೆಗೆ ಸಂಬಂಧಿಸಿದ ವ್ಯತ್ಯಾಸವೇನು?

ಮೈಸೂರು ನಗರಕ್ಕೆ ಪೊಲೀಸ್ ಕಮಿಷನರ್ ಇದ್ದಾರೆ, ಗ್ರಾಮಾಂತರ ಭಾಗಕ್ಕೆ ಜಿಲ್ಲಾ ಎಸ್‌ಪಿ ಇದ್ದಾರೆ, ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಜಿಲ್ಲೆಗಳನ್ನು ನೋಡಿಕೊಳ್ಳುವ ದಕ್ಷಿಣ ವಲಯದ ಐಜಿಪಿ ಕಚೇರಿಯೂ ಅದೇ ಊರಿನಲ್ಲಿದೆ. ಕಮಿಷನರ್ ವಲಯದ ಐಜಿಪಿಯ ಕೈಕೆಳಗಿನವರಲ್ಲ. ಒಂದು ಊರಿನಲ್ಲಿ ಮೂರು ದೊಡ್ಡ ಕಚೇರಿಗಳಿರುವಾಗ ವರ್ತುಲ ರಸ್ತೆಯ ಆಚೀಚೆ ನಡೆದ ಒಂದು ದರೋಡೆ ಯಾರ ವ್ಯಾಪ್ತಿಗೆ ಬರುತ್ತದೆ ಎಂಬ ಪ್ರಶ್ನೆಯಲ್ಲೇ ಎರಡು ಸಂಚಿಕೆಗಳಿವೆ. ಮಂಡ್ಯದ ಎಸ್‌ಪಿಗೆ ಮೇಲಧಿಕಾರಿ ಮೈಸೂರಿನಲ್ಲಿದ್ದಾರೆ. ನಿಷೇಧಾಜ್ಞೆ ಹೊರಡಿಸಬೇಕಾದರೆ ಪಕ್ಕದ ಕಚೇರಿಯ ಜಿಲ್ಲಾಧಿಕಾರಿಯನ್ನು ಕೇಳಬೇಕು. ಮೈಸೂರು ನಗರದಲ್ಲಿ ಆ ಅಧಿಕಾರ ಕಮಿಷನರ್ ಕೈಯಲ್ಲೇ ಇದೆ. ಕಮಿಷನರೇಟ್‌ನಲ್ಲಿ ಎಸಿಪಿ ಎನಿಸಿಕೊಳ್ಳುವ ಅಧಿಕಾರಿಯೇ ಜಿಲ್ಲೆಗೆ ಹೋದರೆ ಡಿವೈಎಸ್‌ಪಿ. ಹಿಂದಿಯ ಜನಪ್ರಿಯ ಪತ್ತೇದಾರಿ ಧಾರಾವಾಹಿ "ಸಿಐಡಿ"ಯ ಪ್ರದ್ಯುಮನ್ 1998ರಿಂದ 2018ರವರೆಗೆ ಎಸಿಪಿಯಾಗಿಯೇ ಉಳಿದರು. ಇಪ್ಪತ್ತು ವರ್ಷ ಡಿಪಿಸಿ ಸೇರದ ಆ ಇಲಾಖೆಯಲ್ಲಿ ಯಾರೂ ನ್ಯಾಯಮಂಡಳಿಗೆ ಹೋಗದಿದ್ದುದು ಪವಾಡವೇ ಸರಿ.

ನೇರವಾಗಿ ಬಂದ ಐಪಿಎಸ್ ಅಧಿಕಾರಿಗೂ ಬಡ್ತಿಯಿಂದ ಬಂದವರಿಗೂ ನಡುವಿನ ಮುಸುಕಿನ ಗುದ್ದಾಟವನ್ನು ಹೇಗೆ ತೋರಿಸುವುದು?

ಮೊದಲು ಲೆಕ್ಕವನ್ನು ಅರ್ಥ ಮಾಡಿಕೊಳ್ಳಿ. ಐಪಿಎಸ್‌ನ ಹಿರಿಯ ಹುದ್ದೆಗಳಲ್ಲಿ ಮೂರನೇ ಒಂದು ಭಾಗ ರಾಜ್ಯ ಪೊಲೀಸ್ ಸೇವೆಯಿಂದ ಬಡ್ತಿ ಪಡೆದವರಿಗೆ ಮೀಸಲು. ಕೆಪಿಎಸ್‌ಸಿ ಪರೀಕ್ಷೆ ಬರೆದು ಡಿವೈಎಸ್‌ಪಿಯಾಗಿ ಮೈಸೂರಿನ ಅಕಾಡೆಮಿಯಲ್ಲಿ ತರಬೇತಿ ಪಡೆದವರು ಆ ಹುದ್ದೆಯಲ್ಲಿ ಕನಿಷ್ಠ ಎಂಟು ವರ್ಷ ಪೂರೈಸಿದ ಮೇಲೆ ಪರಿಗಣನೆಗೆ ಬರುತ್ತಾರೆ. ಆಯ್ಕೆ ಪಟ್ಟಿಯಲ್ಲಿ ಹೆಸರು ಕಾಣುವಷ್ಟರಲ್ಲಿ ಬಹುತೇಕ ಎಂಟನ್ನು ಮೀರಿ ಎಷ್ಟೋ ವರ್ಷಗಳಾಗಿರುತ್ತವೆ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ ಬರೆದು ಹೈದರಾಬಾದಿನಲ್ಲಿ ತರಬೇತಿ ಮುಗಿಸಿ ಬಂದ ಯುವಕನೋ ಯುವತಿಯೋ ಶ್ರೀರಂಗಪಟ್ಟಣದಂಥ ಉಪವಿಭಾಗದಲ್ಲಿ ಎಎಸ್‌ಪಿಯಾಗಿ, ಅಂದರೆ ಸಹಾಯಕ ಎಸ್‌ಪಿಯಾಗಿ, ಕೆಲವು ಕಾಲ ಇದ್ದು, ಮೂವತ್ತರ ಆಸುಪಾಸಿನಲ್ಲೇ ಜಿಲ್ಲೆಯ ಎಸ್‌ಪಿಯಾಗುತ್ತಾರೆ. ಮುಂದೆ 14 ವರ್ಷಕ್ಕೆ ಡಿಐಜಿ, 18ಕ್ಕೆ ಐಜಿ, 25ಕ್ಕೆ ಎಡಿಜಿಪಿ, 30ಕ್ಕೆ ಡಿಜಿ ಹಂತಕ್ಕೆ ಅರ್ಹತೆ. ಈ ವರ್ಷಗಳನ್ನು ಎಣಿಸುವುದು "ಹಂಚಿಕೆಯ ವರ್ಷ"ದಿಂದ, ಅಂದರೆ ಐಪಿಎಸ್‌ನಲ್ಲಿ ಜ್ಯೇಷ್ಠತೆಗಾಗಿ ಅಧಿಕಾರಿಗೆ ಗೊತ್ತುಪಡಿಸುವ ವರ್ಷದಿಂದ. ಹೀಗಾಗಿ ಬಡ್ತಿಯಿಂದ ಬಂದವರಿಗೆ ಯಾವ ವರ್ಷ ಹಂಚಿಕೆಯಾಯಿತು ಎಂಬುದರ ಮೇಲೆ ಅವರ ಉಳಿದ ಆಯುಷ್ಯವೆಲ್ಲ ನಿಂತಿರುತ್ತದೆ.

ಈ ಸಂಬಂಧವನ್ನು ಬೈಗುಳದಲ್ಲಿ ತೋರಿಸಬೇಡಿ, ಮರ್ಯಾದೆಯಲ್ಲಿ ತೋರಿಸಿ. ಐವತ್ತೈದರ ಹೆಚ್ಚುವರಿ ಎಸ್‌ಪಿ ಇಪ್ಪತ್ತೊಂಬತ್ತರ ಎಸ್‌ಪಿಯ ಮುಂದೆ ಎದ್ದು ನಿಂತು "ಸರ್" ಎನ್ನುತ್ತಾರೆ. ಆ ಹುಡುಗನೂ ಅವರನ್ನು ಬಹುವಚನದಲ್ಲೇ ಮಾತನಾಡಿಸುತ್ತಾನೆ. ಕಬ್ಬಿನ ಬಾಕಿಗಾಗಿ ರಸ್ತೆ ತಡೆ ನಡೆಸುತ್ತಿರುವ ರೈತರ ಹತ್ತಿರ ಹೋಗಿ "ಏನಣ್ಣ, ಮಧ್ಯಾಹ್ನದ ಊಟ ಆಯ್ತಾ, ಒಂದು ಕಡೆ ದಾರಿ ಬಿಡ್ರಪ್ಪ" ಎಂದು ಮಾತಿನಲ್ಲೇ ಜಾಗ ಬಿಡಿಸಬಲ್ಲವರು ಹಿರಿಯರು. ಮಾರನೆಯ ದಿನದ ಪತ್ರಿಕೆಯಲ್ಲಿ ಹೆಸರು ಬರುವುದು ಕಿರಿಯನದು. ಇದರಲ್ಲಿ ಕಿರಿಯನ ತಪ್ಪೇನೂ ಇಲ್ಲದಿದ್ದರೆ ದೃಶ್ಯ ಇನ್ನೂ ಚೆನ್ನಾಗಿರುತ್ತದೆ.

ಶಾಸಕರನ್ನು, ಸಚಿವರನ್ನು ಕಥೆಯಲ್ಲಿ ತರಲೇಬೇಕೇ?

ತರಬೇಕು, ಆದರೆ ಬಿಳಿ ಪಂಚೆಯ ಖಳನಾಯಕನಾಗಿ ಅಲ್ಲ. ತನ್ನ ಕ್ಷೇತ್ರದ ಠಾಣೆಗೆ ತನಗೆ ಬೇಕಾದವನು ಬರಲಿ ಎಂದು ಶಾಸಕ ಶಿಫಾರಸು ಪತ್ರ ಕೊಡುವುದರ ಹಿಂದೆ ಲಾಭಕ್ಕಿಂತ ಭಯವಿರುವುದೇ ಹೆಚ್ಚು: ರಾತ್ರಿ ಹನ್ನೊಂದಕ್ಕೆ ಮನೆ ಬಾಗಿಲಿಗೆ ಬಂದ ಕಾರ್ಯಕರ್ತನ ಮಗನನ್ನು ಠಾಣೆಯಲ್ಲಿ ಕೂರಿಸಿದ್ದರೆ ಫೋನ್ ತೆಗೆದುಕೊಳ್ಳುವ ಇನ್ಸ್‌ಪೆಕ್ಟರ್ ಬೇಕು, ಅಷ್ಟೆ. ಒಂದೇ ಕುರ್ಚಿಗೆ ಒಂದೇ ಪಕ್ಷದ ಇಬ್ಬರು ಬೇರೆ ಬೇರೆ ಹೆಸರಿನ ಪತ್ರ ಕೊಟ್ಟಾಗ ಸಚಿವರ ಆಪ್ತ ಸಹಾಯಕ ಅನುಭವಿಸುವ ಸಂಕಟವನ್ನು ಇನ್ನೂ ಯಾರೂ ಬರೆದಂತಿಲ್ಲ.

ದಸರಾ ಅಥವಾ ಕಾವೇರಿ ಬಂದೋಬಸ್ತನ್ನು ಪೈಪೋಟಿಯ ಹಿನ್ನೆಲೆಯಾಗಿ ಬಳಸಬಹುದೇ?

ಬಳಸದಿದ್ದರೆ ಈ ಊರುಗಳಲ್ಲಿ ಕಥೆಯಿಟ್ಟು ಪ್ರಯೋಜನವೇನು? ಜಂಬೂ ಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು ಐದು ಕಿಲೋಮೀಟರ್ ದಾರಿಯನ್ನು ತುಂಡು ತುಂಡಾಗಿ ಹಂಚಿ ಹೊರ ಜಿಲ್ಲೆಗಳಿಂದ ಬಂದ ಅಧಿಕಾರಿಗಳಿಗೂ ಜವಾಬ್ದಾರಿ ವಹಿಸುತ್ತಾರೆ. ಅರಮನೆಯ ಆವರಣದಲ್ಲಿ, ಮುಖ್ಯಮಂತ್ರಿ ಪುಷ್ಪಾರ್ಚನೆ ಮಾಡುವ ಜಾಗದ ಹತ್ತಿರ ನಿಯೋಜನೆ ಸಿಕ್ಕವನು ಕ್ಯಾಮೆರಾಗಳ ಕಣ್ಣಿಗೆ ಬೀಳುತ್ತಾನೆ. ಸಯ್ಯಾಜಿರಾವ್ ರಸ್ತೆಯಲ್ಲಿ ಬ್ಯಾರಿಕೇಡಿಗೆ ಎದೆಯೊಡ್ಡಿ ನಿಂತವನನ್ನು ಯಾರಾದರೂ ಗಮನಿಸುವುದು ಬ್ಯಾರಿಕೇಡ್ ಮುರಿದಾಗ ಮಾತ್ರ. ಬಂದೋಬಸ್ತಿನ ನಕ್ಷೆಯ ಮುಂದೆ ನಿಂತು ಯಾರನ್ನು ಎಲ್ಲಿ ಹಾಕುವುದು ಎಂದು ನಿರ್ಧರಿಸುವ ಡಿಸಿಪಿಗೆ ಎಷ್ಟು ಅಧಿಕಾರವಿದೆಯೆಂದು ಆಗ ತಿಳಿಯುತ್ತದೆ.

ಕಾವೇರಿಯ ವಿಚಾರ ಇದಕ್ಕಿಂತ ಗಾಢವಾದದ್ದು. 2016ರ ಸೆಪ್ಟೆಂಬರ್ 5ರಂದು ತಮಿಳುನಾಡಿಗೆ ದಿನಕ್ಕೆ 15,000 ಕ್ಯುಸೆಕ್‌ನಂತೆ ಹತ್ತು ದಿನ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದಾಗ ಮಂಡ್ಯ ಜಿಲ್ಲೆಯಲ್ಲಿ ಹೆದ್ದಾರಿ ತಡೆ, ಪ್ರತಿಭಟನೆಗಳು ನಡೆದವು. ಕೆಆರ್‌ಎಸ್ ಸುತ್ತ ಕಾವಲು ಬಿಗಿಯಾಯಿತು. ಅಂಥ ದಿನ ಹೆದ್ದಾರಿಯಲ್ಲಿ ನಿಂತ ಸ್ಥಳೀಯ ಸಬ್ ಇನ್ಸ್‌ಪೆಕ್ಟರ್‌ನ ಎದುರಿಗಿರುವವರು ಅವನ ಸೋದರಮಾವ, ಅವನ ಸ್ಕೂಲಿನ ಮೇಷ್ಟ್ರು. ಲಾಠಿ ಬೀಸಿದರೆ ಊರು ಅವನನ್ನು ಬಿಡುವುದಿಲ್ಲ, ಬೀಸದಿದ್ದರೆ ಕರ್ತವ್ಯಲೋಪದ ನೋಟಿಸ್ ಅವನನ್ನು ಬಿಡುವುದಿಲ್ಲ. ಅವನ ಪ್ರತಿಸ್ಪರ್ಧಿ ಆ ಹೊತ್ತಿನಲ್ಲಿ ಏನು ಮಾಡುತ್ತಾನೆ? ಬಹುಶಃ ಏನೂ ಮಾಡುವುದಿಲ್ಲ; ವೈರ್‌ಲೆಸ್‌ನಲ್ಲಿ ಕರೆ ಬಂದಾಗ ಐದು ನಿಮಿಷ ತಡವಾಗಿ ಉತ್ತರಿಸುತ್ತಾನೆ.

ಅಪರಾಧದ ಅಂಕಿಸಂಖ್ಯೆಗಳಿಗೂ ಬಡ್ತಿಗೂ ಏನು ಸಂಬಂಧ?

ನೇರ ಸಂಬಂಧವಿಲ್ಲ, ಆದರೆ ತಿಂಗಳ ಅಪರಾಧ ವಿಮರ್ಶಾ ಸಭೆಯಲ್ಲಿ ಎದ್ದು ನಿಲ್ಲಬೇಕಾದವನಿಗೆ ಅದು ಇದೆ ಎಂದೇ ಅನ್ನಿಸುತ್ತದೆ. ಕಳವು ಪ್ರಕರಣಗಳು ಹೆಚ್ಚಿದಂತೆ ಕಾಣಬಾರದೆಂದು ದೂರನ್ನು ದಾಖಲಿಸದೆ, ಹಿಂಬರಹ ಕೊಟ್ಟು ಕಳುಹಿಸುವ ಚಾಳಿ ಹಳೆಯದು. ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರ ಲಲಿತಾ ಕುಮಾರಿ ತೀರ್ಪು ಹೇಳಿದ ಮೇಲೆ, ದಾಖಲಿಸದೆ ಬಿಟ್ಟ ಒಂದು ಸರಗಳ್ಳತನದ ದೂರೇ ಎದುರಾಳಿಯ ಕೈಗೆ ಸಿಕ್ಕ ಅಸ್ತ್ರವಾಗಬಹುದು.

ಅಮೆರಿಕದ "ದಿ ವೈರ್" ಧಾರಾವಾಹಿ (2002ರಿಂದ 2008, 60 ಸಂಚಿಕೆಗಳು) ಬಾಲ್ಟಿಮೋರ್ ನಗರವನ್ನಿಟ್ಟುಕೊಂಡು ಇದನ್ನೇ ಹೇಳಿತು. ಅದರಲ್ಲಿ ಲೆಫ್ಟಿನೆಂಟ್ ಡೇನಿಯಲ್ಸ್ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಕಮಿಷನರ್ ಆದರೂ, ಅಂಕಿಗಳನ್ನು ತಿದ್ದಲು ಒಪ್ಪದ ಕಾರಣಕ್ಕೆ, ಹಿಂದೆಂದೋ ಮುಚ್ಚಿಟ್ಟ ಹಳೆಯ ಕಡತವೊಂದನ್ನು ಮುಂದಿಟ್ಟು ಅವನು ರಾಜೀನಾಮೆ ಕೊಡುವಂತೆ ಮಾಡುತ್ತಾರೆ. ಆ ಹಳೆಯ ಕಡತದ ಎಳೆಯನ್ನು ನಾವು ಕಲಿಯಬಹುದು. ವ್ಯವಸ್ಥೆಯನ್ನು ಮಾತ್ರ ನಕಲು ಮಾಡಬಾರದು. ಅಲ್ಲಿ ಮೇಯರ್ ತನಗೆ ಬೇಕಾದವರನ್ನು ಕಮಿಷನರ್ ಮಾಡಬಲ್ಲ. ನಮ್ಮ ನಗರಪಾಲಿಕೆಯ ಮೇಯರ್‌ಗೆ ಒಬ್ಬ ಕಾನ್‌ಸ್ಟೆಬಲ್‌ನನ್ನು ವರ್ಗ ಮಾಡಿಸುವ ಅಧಿಕಾರವೂ ಇಲ್ಲ.

ಮಹಿಳಾ ಅಧಿಕಾರಿಯನ್ನು ಕೇಂದ್ರದಲ್ಲಿ ಇಟ್ಟರೆ ಪೈಪೋಟಿ ಬೇರೆಯಾಗುತ್ತದೆಯೇ?

ಆಗುತ್ತದೆ. 1991ರಲ್ಲಿ ಬ್ರಿಟನ್ನಿನಲ್ಲಿ ಬಂದ "ಪ್ರೈಮ್ ಸಸ್ಪೆಕ್ಟ್" ಧಾರಾವಾಹಿಯಲ್ಲಿ ಕೊಲೆ ತನಿಖೆಯೊಂದರ ನೇತೃತ್ವ ಸಿಗಬೇಕಾದರೆ ಜೇನ್ ಟೆನಿಸನ್ ಎಂಬ ಅಧಿಕಾರಿ ಪುರುಷ ಸಹೋದ್ಯೋಗಿಯ ಸಾವಿನವರೆಗೆ ಕಾಯಬೇಕಾಯಿತು. ದರ್ಜೆ ಇದೆ, ಕೆಲಸ ಕೊಡುವುದಿಲ್ಲ ಎಂಬ ಆ ಸ್ಥಿತಿ ನಮಗೂ ಅಪರಿಚಿತವಲ್ಲ. ಸಮರ್ಥೆಯಾದ ಇನ್ಸ್‌ಪೆಕ್ಟರ್‌ಗೆ ಮಹಿಳಾ ಠಾಣೆ, ತರಬೇತಿ, ಸಮನ್ವಯ ಸಭೆಗಳೇ ಮತ್ತೆ ಮತ್ತೆ ಸಿಗುತ್ತಿದ್ದರೆ, ಅದನ್ನು ಪ್ರಶ್ನಿಸುವುದೂ ಕಷ್ಟ, ಏಕೆಂದರೆ ಮಹಿಳಾ ಠಾಣೆಯ ಕೆಲಸ ಕೀಳೆಂದು ಆಕೆಯೇ ಹೇಳಿದಂತಾಗುತ್ತದೆ. ಆದರೆ ಎಲ್ಲ ಬಾಗಿಲೂ ಮುಚ್ಚಿದೆಯೆಂದು ಬರೆಯುವುದೂ ಸುಳ್ಳು. 2017ರಲ್ಲಿ ನೀಲಮಣಿ ಎನ್. ರಾಜು ಅವರು ಕರ್ನಾಟಕ ಪೊಲೀಸ್ ಇಲಾಖೆಯ ಮುಖ್ಯಸ್ಥರಾದ ಮೊದಲ ಮಹಿಳೆಯಾದರು.

ಸಮವಸ್ತ್ರದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಯಾವುದು?

ಇನ್ಸ್‌ಪೆಕ್ಟರ್‌ಗೂ ಡಿವೈಎಸ್‌ಪಿಗೂ ಮೂರು ಮೂರು ನಕ್ಷತ್ರಗಳೇ. ಇನ್ಸ್‌ಪೆಕ್ಟರ್‌ನ ಭುಜಪಟ್ಟಿಯಲ್ಲಿ ಕೆಂಪು ನೀಲಿ ಪಟ್ಟಿ ಇರುತ್ತದೆ, ಡಿವೈಎಸ್‌ಪಿಗೆ ಇರುವುದಿಲ್ಲ. ಬಡ್ತಿಯ ದೃಶ್ಯದಲ್ಲಿ ನಕ್ಷತ್ರ ಕೂಡಿಸುವ ವಸ್ತ್ರಾಲಂಕಾರದವರು ಇದನ್ನು ಮರೆಯುತ್ತಾರೆ. ನಿಜದಲ್ಲಿ ಅಲ್ಲಿ ನಕ್ಷತ್ರ ಕೂಡುವುದಿಲ್ಲ, ಪಟ್ಟಿ ಕಳಚುತ್ತದೆ.

ನಿಜವಾದ ಠಾಣೆಗಳ ಹೆಸರು ಬಳಸಬಹುದೇ?

ರಸ್ತೆ, ವೃತ್ತ, ಬೆಟ್ಟಗಳ ಹೆಸರು ಧಾರಾಳವಾಗಿ ಬಳಸಿ. ಲಂಚ, ಹಿಂಸೆ, ಸುಳ್ಳು ಸಾಕ್ಷ್ಯ ತೋರಿಸುವ ಠಾಣೆಗೆ ಮಾತ್ರ ಊರಿನಲ್ಲಿಲ್ಲದ ಹೆಸರಿಡಿ. ಅಲ್ಲಿ ಈಗ ಕೆಲಸ ಮಾಡುತ್ತಿರುವವರ ಮಕ್ಕಳೂ ಧಾರಾವಾಹಿ ನೋಡುತ್ತಾರೆ.

ಬಡ್ತಿ ಸಿಕ್ಕ ಮೇಲೆ ಕಥೆ ಮುಗಿಯುತ್ತದೆಯೇ?

ಬಡ್ತಿಯ ಆದೇಶದಲ್ಲಿ ಸಾಮಾನ್ಯವಾಗಿ ಹೊಸ ಸ್ಥಳವೂ ನಮೂದಾಗಿರುತ್ತದೆ. ಮೈಸೂರಿನ ಠಾಣೆಯೊಂದರ ಇನ್ಸ್‌ಪೆಕ್ಟರ್ ಡಿವೈಎಸ್‌ಪಿಯಾದರೆ ಮೈಸೂರಿನಲ್ಲೇ ಉಳಿಯುವ ಖಾತ್ರಿಯಿಲ್ಲ; ಬೀದರ್ ಆಗಬಹುದು, ಯಾವುದೋ ತರಬೇತಿ ಶಾಲೆಯಾಗಬಹುದು, ಸ್ಥಳ ತೋರಿಸದೆ ಕೆಲವು ವಾರ ಕಾಯಿಸಲೂಬಹುದು. ಆಗ ಅವನು ಬಿಟ್ಟುಹೋದ ಕುರ್ಚಿ ಯಾರಿಗೆ? ಅವನನ್ನು ಹಿಂದಿಕ್ಕಲು ಹೆಣಗಿದ್ದ ಎದುರಾಳಿಗೆ. ಅಂದರೆ ಗೆದ್ದವನು ಊರು ಬಿಡುತ್ತಾನೆ, ಸೋತವನು ಕುರ್ಚಿಯಲ್ಲಿ ಕೂರುತ್ತಾನೆ. ಎದುರಾಳಿಯ ಬಡ್ತಿಗೆ ತಾನೇ ಓಡಾಡಿ ಸಹಾಯ ಮಾಡುವ ಜಾಣನನ್ನೂ ಇದರಿಂದ ಸೃಷ್ಟಿಸಬಹುದು: ಅವನ ವಿರುದ್ಧದ ಮೂಗರ್ಜಿಯನ್ನು ತಾನೇ ನಿಂತು ಮುಕ್ತಾಯ ಮಾಡಿಸಿ, ಲಕೋಟೆ ಮುಚ್ಚದಂತೆ ನೋಡಿಕೊಂಡು, ಆದೇಶ ಬಂದ ದಿನ ಎಲ್ಲರಿಗಿಂತ ಮೊದಲು ಮೈಸೂರು ಪಾಕ್ ಹಿಡಿದು ಬರುವವನು.

ಇದನ್ನೆಲ್ಲ ಬಲ್ಲ ಕೆಲವರು ಬಡ್ತಿಯನ್ನೇ ಬಿಟ್ಟುಕೊಡುತ್ತಾರೆ. ಮಗಳ ಪಿಯುಸಿ, ಹೆಂಡತಿಯ ಶಾಲೆಯ ಕೆಲಸ, ಪಾಂಡವಪುರದ ತೋಟ ಎಂದು ಕಾರಣ ಕೊಟ್ಟು, "ಸದರಿ ಮುಂಬಡ್ತಿಯನ್ನು ಸ್ವ-ಇಚ್ಛೆಯಿಂದ ನಿರಾಕರಿಸುತ್ತೇನೆ" ಎಂದು ಬರೆದುಕೊಡುವ ಸಹಾಯಕ ಸಬ್ ಇನ್ಸ್‌ಪೆಕ್ಟರ್‌ನ ಸುತ್ತ ಒಂದು ಇಡೀ ಧಾರಾವಾಹಿ ಕಟ್ಟಬಹುದು. ಅವನ ಹೆಸರು ಹಿಂದೆ ಸರಿಯುವುದರಿಂದ ಪಟ್ಟಿಯಲ್ಲಿ ಅವನ ಕೆಳಗಿದ್ದವನು ಮೇಲೇರುತ್ತಾನೆ. ಹಾಗೆ ಏರಿದವನು ಅವನಿಗೆ ಋಣಿಯಾಗಿರುತ್ತಾನೋ, ಅಥವಾ ಅದನ್ನು ಯಾರೂ ನೆನಪಿಸದಿರಲಿ ಎಂದು ಅವನನ್ನೇ ದೂರದ ಹೊರಠಾಣೆಗೆ ಓಓಡಿ (ಅನ್ಯ ಕರ್ತವ್ಯದ ನಿಯೋಜನೆ) ಹಾಕುತ್ತಾನೋ ಎಂಬುದನ್ನು ಬರೆಯುವವರೇ ತೀರ್ಮಾನಿಸಬೇಕು.